ಮರು: ‘ಡೌನ್’ ಆದ ಬ್ಯಾಟರಿಗೆ ಕನ್ನಡದಲ್ಲಿ ಏನು? ಅಂಗಡಿ ಬೋರ್ಡಿಗೆ ಬೇಕು

> ಮಂಡ್ಯದಲ್ಲಿ ಗೆಳೆಯರ ಬ್ಯಾಟರಿ ಅಂಗಡಿಗೆ ಬೋರ್ಡ್ ಬರೆಸುತ್ತಿದ್ದೇವೆ. ಬೈಕಿಗೆ ಹೊಸ ಬ್ಯಾಟರಿ ಆರಿಸುವುದು ಹೇಗೆ ಅಂತ ನಾಲ್ಕು ಸಾಲು. ಡಿಸ್ಚಾರ್ಜ್ ಆದದ್ದಕ್ಕೂ ಪೂರ್ತಿ ಹಾಳಾದದ್ದಕ್ಕೂ ಎಲ್ಲರೂ ‘ಡೌನ್’ ಅಂತಲೇ ಅಂತಾರೆ. ಬೇರೆ ಬೇರೆ ಪದ ಬೇಕು. ಪೇಂಟರ್ ಶನಿವಾರ ಬರ್ತಾರೆ.

ಶನಿವಾರ ಅಂದಿದ್ದೀರಿ, ಹಾಗಾಗಿ ಉತ್ತರ ಮೊದಲು, ಜಗಳ ಆಮೇಲೆ. ಒಂದಕ್ಕೆ ‘ಚಾರ್ಜ್ ಇಳಿದಿದೆ’, ಇನ್ನೊಂದಕ್ಕೆ ‘ಕೆಟ್ಟುಹೋಗಿದೆ’.

ಬರೀ ‘ಹೋಗಿದೆ’ ಬೇಡ. ಬಲ್ಬು ಹೋದರೆ ಹೋಯ್ತು, ಆದರೆ ಕರೆಂಟ್ ಹೋದರೆ ಮತ್ತೆ ಬರುತ್ತೆ. ನಿಮಗೆ ಬೇಕಾದ ವ್ಯತ್ಯಾಸವೇ ಅಲ್ಲಿ ಕಳೆದುಹೋಗುತ್ತೆ. ‘ಕೆಟ್ಟ ಬ್ಯಾಟರಿ’ಯೂ ಬೇಡ. ಕಳಪೆ ಮಾಲು ಅಂತ ಓದಿಕೊಳ್ಳುತ್ತಾರೆ. ಇಳಿದದ್ದು ಏರುತ್ತೆ, ಕೆಟ್ಟುಹೋದದ್ದು ಸರಿಹೋಗಲ್ಲ. ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಈ ವ್ಯತ್ಯಾಸಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣ ದುಡ್ಡು. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದು ಸೆಲ್ಫ್ ಒತ್ತಿದರೆ ಗಾಡಿ ‘ಟಕ್ ಟಕ್’ ಅನ್ನುತ್ತೆ. ಬ್ಯಾಟರಿ ಡೌನ್ ಅಂತ ಸುಮ್ನೆ ಹೊಸದು ಹಾಕಿಸಿಬಿಡುತ್ತಾರೆ. ಮೊದಲು ಮೀಟರ್ ಹಿಡಿಯಬೇಕು. ಪೂರ್ತಿ ಚಾರ್ಜ್ ಇರುವ ಸೀಸದ ಬ್ಯಾಟರಿ ಸುಮ್ಮನಿದ್ದಾಗ 12.6ರಿಂದ 12.8 ವೋಲ್ಟ್ ತೋರಿಸುತ್ತೆ. 12ರ ಹತ್ತಿರ ಇದ್ದರೆ ಇಳಿದಿದೆ ಅಂತ ಅರ್ಥ. ಐದು ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರಿನಲ್ಲಿ ನಿಧಾನಕ್ಕೆ ಚಾರ್ಜ್ ಹಾಕಿ, ಕೆಲವು ಗಂಟೆ ಬಿಟ್ಟು, ಸೆಲ್ಫ್ ಒತ್ತುತ್ತಾ ಮತ್ತೆ ಮೀಟರ್ ನೋಡಿ. ಮುಳ್ಳು 9.5ಕ್ಕಿಂತ ಕೆಳಗೆ ಬಿದ್ದರೆ ಆಗ ‘ಕೆಟ್ಟುಹೋಗಿದೆ’ ಅನ್ನಿ. ಇಳಿದ ಬ್ಯಾಟರಿಯನ್ನು ಬಹಳ ದಿನ ಹಾಗೇ ಬಿಟ್ಟರೂ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಅದು ಕೆಟ್ಟುಹೋಗುತ್ತೆ. ನಮ್ಮ ಮೈಸೂರಿನ ಮೆಕ್ಯಾನಿಕ್‌ಗಳು ‘ಬ್ಯಾಟರಿ ಕೂತ್ಬಿಟ್ಟಿದೆ’ ಅನ್ನುವುದು ಇದಕ್ಕೇ.

ಈಗ ಬಂದಿರುವ ಉತ್ತರಗಳಿಗೆ.

> ವಿಸರ್ಜಿತ ವಿದ್ಯುತ್ಕೋಶ. ಪಠ್ಯಪುಸ್ತಕ ನೋಡಿ.

ನೋಡಿದ್ದೇನೆ. ವಿದ್ಯುತ್ಕೋಶ ಅಂದರೆ ಒಂದು ಸೆಲ್ಲು. ಸೀಸದ ಒಂದು ಸೆಲ್ಲು ಕೊಡುವುದು ಸುಮಾರು ಎರಡು ವೋಲ್ಟ್. ಬೈಕಿನ ಡಬ್ಬದೊಳಗೆ ಅಂಥವು ಆರು ಇರುತ್ತವೆ. ಹಾಗಾಗಿ ಈ ಪದ ಬೋರ್ಡಿಗೂ ಆಗಲ್ಲ, ಪಾಠಕ್ಕೂ ಆಗಲ್ಲ. ‘ವಿಸರ್ಜಿತ’ ಅಂತೂ ಬೇಡವೇ ಬೇಡ. ವಿಸರ್ಜನೆ ಅಂದ ಕೂಡಲೇ ಜನಕ್ಕೆ ಹೊಳೆಯುವುದು ಗಣೇಶನನ್ನು ನೀರಿಗೆ ಬಿಡುವುದು. ಉಳಿಸಿಕೊಳ್ಳಬಹುದಾದ ಬ್ಯಾಟರಿಗೆ ಬಿಸಾಡು ಅನ್ನುವ ಪದ ಹಚ್ಚಿದ ಹಾಗಾಯ್ತು.

> ಬ್ಯಾಟರಿ ನಮ್ಮ ಪದವೇ ಅಲ್ಲ. ‘ಮಿಂಗೂಡು’ ಎನ್ನಿ. ಮಿನ್ ಬೇರು ಮಿಂಚಿನಲ್ಲಿದೆ, ಮಿನುಗಿನಲ್ಲಿದೆ. ಎರವಲು ನಿಲ್ಲಿಸದೆ ಕನ್ನಡ ಉಳಿಯದು.

ಪದ ಚೆನ್ನಾಗಿದೆ, ಕಟ್ಟಿದ ರೀತಿಯೂ ಸರಿ. ಆದರೆ ಮಿಂಚು, ಮಿನುಗು ಎರಡೂ ಬೆಳಕಿನ ಮಾತು. ಮಂಡ್ಯದ ಹಳ್ಳಿಗಳಲ್ಲಿ ‘ಬ್ಯಾಟ್ರಿ ಬುಡು’ ಅಂದರೆ ಟಾರ್ಚ್ ಹಾಕು ಅಂತ. ಟಾರ್ಚೇ ಬ್ಯಾಟ್ರಿ, ಒಳಗೆ ಹಾಕುವುದು ಸೆಲ್ಲು. ಅಲ್ಲಿ ಮಿಂಗೂಡು ಅಂದರೂ ಕೈ ಹೋಗುವುದು ಟಾರ್ಚಿನ ಕಡೆಗೇ. ಜನ ಬ್ಯಾಟರಿಯನ್ನು ಬರೀ ಎರವಲು ತಂದಿಲ್ಲ, ಅದಕ್ಕೆ ತಮ್ಮದೇ ಅರ್ಥ ಕೊಟ್ಟು ಬಳಸಿದ್ದಾರೆ. ಇದಕ್ಕಿಂತ ಒಂದು ಪದ ಕನ್ನಡದ್ದಾಗುವುದು ಹೇಗೆ?

ಇಂಗ್ಲಿಷಿನಲ್ಲೂ ಅದು ಹುಟ್ಟಿದ ಪದವಲ್ಲ. ‘ಬಡಿ’ ಅನ್ನುವ ಅರ್ಥದ ಫ್ರೆಂಚ್ ಮಾತಿನಿಂದ ಬಂದು, ಸಾಲಾಗಿ ನಿಲ್ಲಿಸಿದ ಫಿರಂಗಿಗಳಿಗೆ ಹೆಸರಾಗಿತ್ತು. 1749ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ ತುಂಬಿದ ಗಾಜಿನ ಫಲಕಗಳನ್ನು ಸಾಲಾಗಿ ಜೋಡಿಸಿ ಅದಕ್ಕೆ ಆ ಹೆಸರು ಕೊಟ್ಟ. ಫಿರಂಗಿಯೂ ಹೊರಗಿನ ಪದ, ರಸ್ತೆ, ಕಾಗದ, ಜಮೀನು ಕೂಡ ಹಾಗೇ. ಇವನ್ನೆಲ್ಲ ಕಿತ್ತು ಹಾಕಿದರೆ ಶ್ರೀರಂಗಪಟ್ಟಣದ ಒಂದು ಜಮೀನಿನ ಪತ್ರ ಓದಲಾಗದು. 1902ರಲ್ಲಿ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಇಷ್ಟು ವರ್ಷವಾದರೂ ಮನೆಯಲ್ಲಿ ಅದರ ಹೆಸರು ಕರೆಂಟೇ. ಕನ್ನಡ ಅದರಿಂದ ಬಡವಾಗಲಿಲ್ಲ. ‘ಇಳಿ’, ‘ಏರು’, ‘ಹಿಡಿ’, ‘ಕೂರು’ – ಈ ಕ್ರಿಯಾಪದಗಳನ್ನು ಬಿಟ್ಟುಕೊಟ್ಟಾಗ ಮಾತ್ರ ಕನ್ನಡ ಬಡವಾಗುತ್ತೆ. ನಾಮಪದ ಎಲ್ಲಿಂದಾದರೂ ಬರಲಿ, ಕ್ರಿಯಾಪದ ನಮ್ಮದಿರಲಿ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆ ಬೇಕಾದರೂ ವಾದಕ್ಕೆ ಸಿದ್ಧ.

ಅದಕ್ಕೇ ಸಾಮರ್ಥ್ಯದ ಸಾಲನ್ನೂ ತಿದ್ದಿ. ನಿಮ್ಮ ಕರಡಿನಲ್ಲಿ ‘ಹೆಚ್ಚು ಸಾಮರ್ಥ್ಯದ ಬ್ಯಾಟರಿ’ ಅಂತಿದೆ. ಗಿರಾಕಿ ಅದನ್ನು ತಾಕತ್ತು ಅಂತ ಓದಿಕೊಂಡು ‘ಜಾಸ್ತಿ ಪವರ್ ಇರೋದು ಕೊಡಿ’ ಅಂತಾರೆ. ಆಂಪಿಯರ್-ಅವರ್ ತಾಕತ್ತಲ್ಲ, ಹಿಡಿಸುವ ಅಳತೆ. ಕೊಡ ಎಷ್ಟು ಹಿಡಿಯುತ್ತೆ ಅಂತ ಕೇಳುತ್ತೇವಲ್ಲ, ಹಾಗೆ. ಐದು ಆಂಪಿಯರ್-ಅವರ್ ಅಂದರೆ ಅರ್ಧ ಆಂಪಿಯರಿನಂತೆ ಹತ್ತು ಗಂಟೆ. ಸೆಲ್ಫ್ ಎತ್ತುವ ಜೋರು ಬೇರೆ. ಅದಕ್ಕೆ ಕೆಲವು ಬ್ಯಾಟರಿಗಳ ಮೇಲೆ ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್) ಅಂತ ಬೇರೆ ಸಂಖ್ಯೆಯೇ ಇರುತ್ತೆ. ‘ಎಷ್ಟು ಹಿಡಿಯುತ್ತೆ’, ‘ಎಷ್ಟು ಜೋರು ಕೊಡುತ್ತೆ’ ಅಂತ ಬಿಡಿಸಿ ಬರೆಯಿರಿ.

‘ನಿರ್ವಹಣಾ ಮುಕ್ತ’ ತೆಗೆದುಹಾಕಿ. ‘ನೀರು ಹಾಕಬೇಕಿಲ್ಲದ ಬ್ಯಾಟರಿ’ ಸಾಕು. ಅದರ ಮುಚ್ಚಳ ತೆಗೆಯಬಾರದು ಅಂತಲೂ ಸೇರಿಸಿ, ಕೆಲವರು ಸ್ಕ್ರೂಡ್ರೈವರ್ ಹಾಕಿ ಮೀಟುತ್ತಾರೆ. ಧನಧ್ರುವ, ಋಣಧ್ರುವ ಬೇಡ. ಡಬ್ಬದ ಮೇಲೆ ಗುರುತೇ ಇದೆ. ಪ್ಲಸ್, ಮೈನಸ್ ಅನ್ನಿ.

ಬೋರ್ಡಿಗೆ ನನ್ನ ಸಾಲುಗಳು ಇವು:

ಬ್ಯಾಟರಿ ಚಾರ್ಜ್ ಇಳಿದಿದೆಯೋ, ಕೆಟ್ಟುಹೋಗಿದೆಯೋ? ಮೊದಲು ಪರೀಕ್ಷೆ ಮಾಡಿಸಿ.
ಗಾಡಿಯ ಪುಸ್ತಕದಲ್ಲಿರುವ ವೋಲ್ಟ್, ಆಂಪಿಯರ್-ಅವರ್ ನೋಡಿ ಕೇಳಿ.
ಉದ್ದ, ಅಗಲ, ಎತ್ತರ ಹಳೆಯದರಷ್ಟೇ ಇರಲಿ. ಪ್ಲಸ್ ಬಲಕ್ಕಿದೆಯೋ ಎಡಕ್ಕಿದೆಯೋ ನೋಡಿ.
ಹಳೇ ಬ್ಯಾಟರಿ ಇಲ್ಲೇ ಕೊಡಿ, ಗುಜರಿಗೆ ಹಾಕಬೇಡಿ.

ಮೂರನೇ ಸಾಲನ್ನು ಜಾಗ ಇಲ್ಲ ಅಂತ ಬಿಡಬೇಡಿ. ಪ್ಲಸ್ ಆ ಕಡೆ ಆದರೆ ವೈರ್ ಎಟುಕಲ್ಲ. ಎಳೆದು ಉಲ್ಟಾ ಕಟ್ಟಿದರೆ ಫ್ಯೂಸು, ರೆಕ್ಟಿಫೈಯರ್ ಸುಟ್ಟುಹೋಗುತ್ತವೆ. ಬಲ ಎಡ ಅನ್ನುವಾಗ ಟರ್ಮಿನಲ್ ಇರುವ ಬದಿಯನ್ನು ನಮ್ಮ ಕಡೆ ತಿರುಗಿಸಿಕೊಂಡು ನೋಡಬೇಕು. ಪಕ್ಕದಲ್ಲಿ ಒಂದು ಚಿತ್ರ ಬರೆಸಿದರೆ ಇದನ್ನು ಬರೆಯುವ ಕೆಲಸ ಉಳಿಯುತ್ತೆ. ನಾಲ್ಕನೆಯದಕ್ಕೆ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಬಲವೂ ಇದೆ. ಆದರೆ ಬೋರ್ಡಿನಲ್ಲಿ ‘ತ್ಯಾಜ್ಯ’ ಅಂತ ಬರೆಸಬೇಡಿ, ‘ಹಳೇ ಬ್ಯಾಟರಿ’ ಅಂತಲೇ ಇರಲಿ.