ಮನೆ ಕಂಪ್ಯೂಟರ್‌ಗೆ ಫೈರ್‌ವಾಲ್ ದುಡ್ಡು ಕೊಟ್ಟು ಹಾಕಿಸಬೇಕಾ?

ತುಂಗಾತೀರ:
ಅಪ್ಪನಿಗೆ ಅಂತ ವಿಂಡೋಸ್ 11 ಲ್ಯಾಪ್‌ಟಾಪ್ ತಗೊಂಡೆವು. ಮನೆಯಲ್ಲಿ ಫೈಬರ್ ಇದೆ, ಅದರ ಜೊತೆಗೇ ಬಂದ ವೈಫೈ ರೂಟರ್ ಇದೆ. ಅಪ್ಪನ ಕೆಲಸ ಬ್ಯಾಂಕ್, ಪಹಣಿ ನೋಡೋದು, ಯೂಟ್ಯೂಬ್, ಇಷ್ಟೇ. ಫೈರ್‌ವಾಲ್ ಇರುವ ಸೆಕ್ಯುರಿಟಿ ಪ್ಯಾಕ್ ಹಾಕಿಸಲೇಬೇಕು ಅಂತ ಅಂಗಡಿಯವರು ಹಿಡಿದು ಕೂತಿದ್ದಾರೆ. ರೂಟರ್ ಇದ್ದ ಮೇಲೆ ಫೈರ್‌ವಾಲೇ ಬೇಡ, ಆಫ್ ಮಾಡಿದರೂ ನಡೆಯುತ್ತೆ ಅಂತಾನೆ ನಮ್ಮ ಚಿಕ್ಕಪ್ಪನ ಮಗ. ಯಾರ ಮಾತು ಕೇಳೋದು?

ನೆಟ್‌ವರ್ಕ್_ಕೆಲಸ:
ಇಬ್ಬರ ಮಾತೂ ಬೇಡ. ಫೈರ್‌ವಾಲ್ ಬೇಕೇ ಬೇಕು, ಆದರೆ ಕೊಳ್ಳಬೇಕಾಗಿಲ್ಲ. ವಿಂಡೋಸ್‌ನಲ್ಲೇ ಇದೆ, ಆನ್ ಆಗಿಯೇ ಬರುತ್ತದೆ. ಲ್ಯಾಪ್‌ಟಾಪ್ ತಾನಾಗಿ ಕೇಳಿದ್ದಕ್ಕೆ ಬಂದ ಉತ್ತರವನ್ನು ಒಳಗೆ ಬಿಡುತ್ತದೆ, ಕರೆಯದೆ ಬಂದು ಬಾಗಿಲು ತಟ್ಟಿದವರನ್ನು ಬಿಡುವುದಿಲ್ಲ.

ರೂಟರ್ ಕೂಡ ಹೆಚ್ಚುಕಮ್ಮಿ ಇದನ್ನೇ ಮಾಡುತ್ತದೆ, ಅಷ್ಟು ನಿಜ. ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲ ಒಂದೇ ಐಪಿ ವಿಳಾಸದ (ನೆಟ್‌ನಲ್ಲಿ ಗುರುತಿಸುವ ನಂಬರ್) ಹಿಂದೆ ಇರುತ್ತವೆ, ಹೊರಗಿನಿಂದ ಸುಮ್ನೆ ಬಂದ ಪ್ಯಾಕೆಟ್ (ಡೇಟಾದ ತುಂಡು) ಯಾರಿಗೆ ಅಂತ ರೂಟರ್‌ಗೆ ಗೊತ್ತಾಗುವುದಿಲ್ಲ, ಬಿಸಾಕುತ್ತದೆ. ಆದರೆ ಇದು ಐಪಿವಿ4, ಅಂದರೆ ಹಳೇ ಬಗೆಯ ವಿಳಾಸದ ಕಥೆ. ಹೊಸ ಬಗೆಯ ಐಪಿವಿ6 ಇದ್ದರೆ ಒಂದೊಂದು ಸಾಧನಕ್ಕೂ ಬೇರೆ ಬೇರೆ ಹೊರವಿಳಾಸ ಸಿಗುತ್ತದೆ, ಆಗ ಈ ಮರೆ ಇರುವುದಿಲ್ಲ. ರೂಟರ್‌ನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಅದರ ಐಪಿವಿ6 ಫೈರ್‌ವಾಲ್ ಆನ್ ಇದೆಯಾ ನೋಡಿ. ಅಲ್ಲಿಗೆ ಹೋದಾಗಲೇ ಅಡ್ಮಿನ್ ಪಾಸ್‌ವರ್ಡ್ ಕೂಡ ಬದಲಾಯಿಸಿ. 2016ರಲ್ಲಿ ಮಿರಾಯ್ ಅನ್ನೋ ಕೆಟ್ಟ ಪ್ರೋಗ್ರಾಮ್ ಕಂಪನಿಯಿಂದ ಬಂದ ಪಾಸ್‌ವರ್ಡ್ ಹಾಗೇ ಇದ್ದ ರೂಟರ್, ಕ್ಯಾಮೆರಾಗಳನ್ನೇ ಹುಡುಕಿ ಹಿಡಿದಿತ್ತು.

ಇನ್ನು ಮುಖ್ಯ ವಿಷಯ. ಮನೆಗೆ ಬಂದ ನೆಂಟರ ಲ್ಯಾಪ್‌ಟಾಪ್‌ಗೆ ವರ್ಮ್ (ತಾನಾಗಿಯೇ ಯಂತ್ರದಿಂದ ಯಂತ್ರಕ್ಕೆ ಹರಡುವ ವೈರಸ್) ಹತ್ತಿದೆ ಅಂದುಕೊಳ್ಳಿ, ಅದು ನಿಮ್ಮದೇ ವೈಫೈಗೆ ಸೇರಿಕೊಂಡರೆ ರೂಟರ್ ಅದನ್ನು ಮನೆಯವರು ಅಂತಲೇ ತಿಳಿಯುತ್ತದೆ. ಅಲ್ಲಿ ಅಡ್ಡ ನಿಲ್ಲೋದು ಲ್ಯಾಪ್‌ಟಾಪ್‌ನ ಸ್ವಂತ ಫೈರ್‌ವಾಲ್. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿದ್ದ ವನ್ನಾಕ್ರೈ ವರ್ಮ್ ಹರಡಿದ್ದು ಹೀಗೇ, 445ನೇ ಪೋರ್ಟ್ (ಫೈಲ್ ಹಂಚಿಕೊಳ್ಳಲು ಬಳಸುವ ಬಾಗಿಲು) ಮೂಲಕ, ಒಂದು ಯಂತ್ರದಿಂದ ಪಕ್ಕದ್ದಕ್ಕೆ. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಆ ತೂತು ಮುಚ್ಚುವ ಪ್ಯಾಚ್ ಕೊಟ್ಟಿತ್ತು. ಅದಕ್ಕೇ ಅಪ್‌ಡೇಟ್ ನಿಲ್ಲಿಸಬೇಡಿ.

ಹಳೇ_ಸೈಬರ್‌ಕೆಫೆ:
ಫೈರ್‌ವಾಲ್ ಆಫ್ ಮಾಡು ಅನ್ನೋರು 2003ರ ಆಗಸ್ಟ್ ನೋಡಿಲ್ಲ. ಬ್ಲಾಸ್ಟರ್ ವರ್ಮ್ ಬಂದ ಕಾಲ. ವಿಂಡೋಸ್ ಎಕ್ಸ್‌ಪಿ ಹೊಸದಾಗಿ ಹಾಕಿ ನೆಟ್‌ಗೆ ಕನೆಕ್ಟ್ ಮಾಡಿದರೆ ಸಾಕು, ಯಾವ ಸೈಟೂ ತೆಗೆದಿರುವುದಿಲ್ಲ, ಏನೂ ಕ್ಲಿಕ್ ಮಾಡಿರುವುದಿಲ್ಲ, ಪ್ಯಾಚ್ ಇಳಿಯೋ ಮೊದಲೇ 60 ಸೆಕೆಂಡಿನಲ್ಲಿ ಶಟ್‌ಡೌನ್ ಅಂತ ಒಂದು ಪೆಟ್ಟಿಗೆ ಬಂದು ಎಣಿಸೋಕೆ ಶುರು. ರನ್‌ಗೆ ಹೋಗಿ ಶಟ್‌ಡೌನ್ ಕಮಾಂಡ್‌ಗೆ ಮೈನಸ್ ಎ ಹೊಡೆದು ಅದನ್ನು ನಿಲ್ಲಿಸಿ, ಆಮೇಲೆ ಪ್ಯಾಚ್ ಇಳಿಸಬೇಕಿತ್ತು. ಎಕ್ಸ್‌ಪಿಯಲ್ಲಿ ಆಗಲೂ ಫೈರ್‌ವಾಲ್ ಇತ್ತು, ಆಫ್ ಆಗಿ ಬರುತ್ತಿತ್ತು ಅಷ್ಟೇ! 2004ರ ಸರ್ವಿಸ್ ಪ್ಯಾಕ್ 2 ಬಂದ ಮೇಲೆ ತಾನಾಗಿ ಆನ್ ಇರೋಕೆ ಶುರುವಾಯಿತು.

ಸೊರಬದಿಂದ:
ಒಂದು ಮಾತು ಸೇರಿಸುತ್ತೇನೆ, ಅಪ್ಪ ಬ್ಯಾಂಕ್ ಕೆಲಸ ಮಾಡ್ತಾರೆ ಅಂದಿರಲ್ವಾ. ವಿಂಡೋಸ್ ಫೈರ್‌ವಾಲ್ ಒಳಗಿನಿಂದ ಹೊರಗೆ ಹೋಗುವುದನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ವಂಚಕರು ಕೆವೈಸಿ ಅಂತ ಫೋನ್ ಮಾಡಿ ರಿಮೋಟ್ ಆ್ಯಪ್ ಹಾಕಿಸಿದರೆ ಆ ಆ್ಯಪ್ ಒಳಗಿನಿಂದಲೇ ಕನೆಕ್ಷನ್ ತೆಗೆಯುತ್ತದೆ, ಪರದೆ ಅವರ ಕೈಗೆ ಹೋಗುತ್ತದೆ. ಬಿಟ್ಟಿದ್ದಾಗಲಿ ದುಡ್ಡಿನದ್ದಾಗಲಿ, ಇಲ್ಲಿ ಫೈರ್‌ವಾಲ್ ನಂಬಿ ಕೂರಬೇಡಿ. ಅಂಥ ಫೋನ್ ಬಂದರೆ ಇಟ್ಟುಬಿಡಿ ಅಂತ ಅಪ್ಪನಿಗೆ ಹೇಳಿ, ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಆ ನಂಬರ್ ಲ್ಯಾಪ್‌ಟಾಪ್ ಮೇಲೆ ಚೀಟಿ ಅಂಟಿಸಿದರೂ ಆಯಿತು.

ತುಂಗಾತೀರ:
ಎಲ್ಲರಿಗೂ ಥ್ಯಾಂಕ್ಸ್. ವಿಂಡೋಸ್ ಸೆಕ್ಯುರಿಟಿ ತೆಗೆದು ನೋಡಿದೆ. ಹೊರಗಿನ ವೈಫೈಗೆ ಇರುವ ಪಬ್ಲಿಕ್ ಫೈರ್‌ವಾಲ್ ಆನ್ ಇದೆ, ಮನೆ ವೈಫೈಗೆ ಇರುವ ಪ್ರೈವೇಟ್ ಆಫ್! ಪ್ರಿಂಟರ್ ಹಾಕಲು ಬಂದ ಹುಡುಗ ಆಫ್ ಮಾಡಿ ಹೋಗಿರಬೇಕು. ಆನ್ ಮಾಡಿದರೆ ಪ್ರಿಂಟರ್ ನಿಲ್ಲುತ್ತಾ?

ನೆಟ್‌ವರ್ಕ್_ಕೆಲಸ:
ಮೊದಲು ಆನ್ ಮಾಡಿ. ಪ್ರಿಂಟರ್ ವೈಫೈನದ್ದಾದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಪ್ರಿಂಟ್ ಕಳಿಸೋದು ಲ್ಯಾಪ್‌ಟಾಪೇ ಅಲ್ವಾ. ಯುಎಸ್‌ಬಿಯಲ್ಲಿ ಹಾಕಿ ಬೇರೆ ಕಂಪ್ಯೂಟರ್‌ನಿಂದಲೂ ತೆಗೆಯುತ್ತೀರಿ ಅಂದರೆ, ಅಲೋ ಆ್ಯನ್ ಆ್ಯಪ್ ಪಟ್ಟಿಯಲ್ಲಿ ಫೈಲ್ ಅಂಡ್ ಪ್ರಿಂಟರ್ ಶೇರಿಂಗ್‌ಗೆ ಪ್ರೈವೇಟ್ ಕಾಲಮ್‌ನಲ್ಲಿ ಮಾತ್ರ ಟಿಕ್ ಹಾಕಿ. ಪಬ್ಲಿಕ್ ಕಾಲಮ್ ಖಾಲಿ ಇರಲಿ.