ತಾರಸಿ ಪ್ಯಾರಾಪೆಟ್‌ನಲ್ಲಿ ‘ಸ್ಕಪ್ಪರ್’ ಅಂದ್ರೆ ಏನು?

ಕುವೆಂಪುನಗರದವ:
ಗುರುಗಳೇ, ಮನೆ ಪ್ಲಾನ್‌ನಲ್ಲಿ ಇಂಜಿನಿಯರ್ ‘ಸ್ಕಪ್ಪರ್’ ಅಂತ ಎರಡು ಕಡೆ ಬರ್ದಿದಾರೆ, ಡಿಕ್ಷನರಿ ನೋಡಿದ್ರೆ ‘ಹಡಗು ಮುಳುಗಿಸು, ಕೆಲಸ ಕೆಡಿಸು’ ಅಂತಿದೆ, ನನ್ ಮನೆ ಮುಳುಗಿಸ್ತಾರಾ ಹೆಂಗೆ?

ಮಂಡ್ಯ ಹೈದ:
ಹೆದರ್ಬೇಡಿ ಸಾರ್ 😄 ಪ್ಯಾರಾಪೆಟ್ ಬುಡದಲ್ಲಿ ಬಿಡೋ ತೂತು ಅಷ್ಟೇ, ನೀರು ಗೋಡೆ ದಾಟಿ ಆಚೆ ಹೋಗ್ಲಿ ಅಂತ. ಹಡಗಲ್ಲೂ ಅದೇ, ಡೆಕ್ ಮೇಲೆ ಬಿದ್ದ ಅಲೆ ನೀರು ಬದಿ ತೂತಿಂದ ಸಮುದ್ರಕ್ಕೆ ಹೋಗುತ್ತೆ. ಎರಡ್ನೇದು ಓವರ್‌ಫ್ಲೋಗೆ ಇರ್ಬೇಕು, ಒಂದೆರಡು ಇಂಚು ಮೇಲಿರುತ್ತೆ, ಮೇನ್ ಪೈಪ್ ಕಟ್ಕಂಡ್ರೆ ಇದು ಕಾಪಾಡುತ್ತೆ. ನಮ್ಮನೇಲಿ ಇದಿರ್ಲಿಲ್ಲ, ಹೋದ್ ಮಳೇಲಿ ತೆಂಗಿನ ಗರಿ ಕಸ ಪೈಪ್ ಬಾಯಿಗೆ ಕೂತು ತಾರಸಿ ಕೆರೆ ಆಗಿ ರೂಮಿನ ಸೂರೆಲ್ಲ ಬೂಷ್ಟು, ಆ ಕಸನೆಲ್ಲ ಬರಿಗೈಲಿ ಕಿತ್ತಾಕಿದೀನಿ.

ಹಳೇ ಮೇಷ್ಟ್ರು:
ನಮ್ಮ ಹೆಂಚಿನ ಮನೇಲಿ ಎರಡು ಇಳಿಜಾರು ಸೇರೋ ಕಡೆ ಹಾಕೋ ತಗಡಿಗೆ ‘ದೋಣಿ’ ಅಂತೀವಲ್ಲ, ನಮ್ಮಲ್ಲೂ ಸೂರಿಗೂ ನೀರಿಗೂ ಒಂದೇ ಪದ! ಕೆಡಿಸೋ ಅರ್ಥ ಬ್ರಿಟಿಷರ ಆಡುಮಾತು, ‘ನಮ್ ಟ್ರಿಪ್‌ನ ಮಳೆ ಸ್ಕಪ್ಪರ್ ಮಾಡ್ತು’ ಅನ್ನೋ ಥರ. ಬೇಕಂತ್ಲೇ ಹಡಗು ಮುಳುಗಿಸೋದಕ್ಕೆ 1919ರಲ್ಲಿ ಸ್ಕಾಟ್ಲೆಂಡ್‌ನ ಸ್ಕಾಪಾ ಫ್ಲೋ ಅನ್ನೋ ಕಡಲ ತಾಣದಲ್ಲಿ ಜರ್ಮನ್ನರು ತಮ್ಮ 52 ಹಡಗು ತಾವೇ ಮುಳುಗಿಸಿದ್ದು ದೊಡ್ಡ ಉದಾಹರಣೆ.

ಕುವೆಂಪುನಗರದವ:
ಥ್ಯಾಂಕ್ಸ್ ಮೇಷ್ಟ್ರೇ. ತೂತಿಗೆ ಜಾಲರಿ ಹಾಕಿಸ್ಲಾ?

ಮಂಡ್ಯ ಹೈದ:
ಹಾಕ್ಸಿ, ಆದ್ರೆ ತೀರಾ ಸಣ್ಣ ಕಣ್ಣಿಂದು ಬೇಡ, ಅದೇ ಕಟ್ಕಳುತ್ತೆ.