ಸಹಾಯ ಬೇಕು: ಪ್ರೋಟೀನ್ ಕೋಶಕೇಂದ್ರಕ್ಕೆ ಸಾಗುವುದನ್ನು ಅಳೆಯುವ ಪ್ರಯೋಗ

ಗುಂಪಿನ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ಕಾಸರಗೋಡಿನಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ, ಜೀವಂತ ಕೋಶಗಳಲ್ಲಿ ಪ್ರೋಟೀನಿನ ಚಲನೆಯನ್ನು ಫ್ಲೋರೆಸೆನ್ಸ್ (ಬೆಳಕು ಬಿದ್ದಾಗ ಹೊಳೆಯುವ ಗುಣ) ಮೂಲಕ ಅಳೆದು ಅನುಭವವಿರುವವರ ಸಲಹೆ ಬೇಕಾಗಿದೆ.

ಸ್ಟೀರಾಯ್ಡ್ ಹಾರ್ಮೋನನ್ನು ಹಿಡಿಯುವ ಗ್ಲುಕೋಕಾರ್ಟಿಕಾಯ್ಡ್ ರಿಸೆಪ್ಟರ್ ಎಂಬ ಪ್ರೋಟೀನಿಗೆ, ಹಸಿರಾಗಿ ಹೊಳೆಯುವ ಪ್ರೋಟೀನಾದ ಜಿಎಫ್‌ಪಿಯನ್ನು ಜೋಡಿಸಿ ಯು2ಒಎಸ್ ಎಂಬ ಮಾನವ ಮೂಳೆ ಕ್ಯಾನ್ಸರ್ ಕೋಶಗಳಲ್ಲಿ ನೋಡುತ್ತಿದ್ದೇನೆ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಔಷಧ ಹಾಕಿದ ಅರ್ಧ ಗಂಟೆಯೊಳಗೆ, ಕೋಶದ್ರವ್ಯದಲ್ಲಿ ಹರಡಿದ್ದ ಹಸಿರು ಕೋಶಕೇಂದ್ರದಲ್ಲಿ ಒತ್ತಾಗಿ ಸೇರುತ್ತದೆ. ಅಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಔಷಧವನ್ನೇ ಹಾಕದ ಕಂಟ್ರೋಲ್ ಕೋಶಗಳಲ್ಲಿಯೂ ಹಲವದರ ಕೇಂದ್ರ ಹಸಿರಾಗಿ ಬೆಳಗುತ್ತಿದೆ. ಜಿಎಫ್‌ಪಿ ಒಂಟಿಯಾಗಿದ್ದರೆ ಕೇವಲ 27 ಕಿಲೋಡಾಲ್ಟನ್ ತೂಕದ್ದಾದ್ದರಿಂದ ಕೇಂದ್ರದ ರಂಧ್ರಗಳಲ್ಲಿ ತಾನಾಗಿಯೇ ನುಸುಳಬಲ್ಲದು. ಆದ್ದರಿಂದ ಜೋಡಣೆ ತುಂಡಾಗಿದೆಯೇ ಎಂದು ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಗುರುತಿಸುವ ಪರೀಕ್ಷೆ) ಮಾಡಿ ನೋಡಲಿದ್ದೇನೆ. ಆದರೂ ನನ್ನ ಹೆಚ್ಚಿನ ಅನುಮಾನ ಕೋಶ ಬೆಳೆಸುವ ದ್ರವಕ್ಕೆ ಸೇರಿಸುವ ಸೀರಮ್ (ರಕ್ತದ ತಿಳಿದ್ರವ) ಮೇಲೆಯೇ, ಏಕೆಂದರೆ ಅದರಲ್ಲಿ ಸಹಜವಾಗಿರುವ ಕಾರ್ಟಿಸೋಲ್ ಎಂಬ ಸ್ಟೀರಾಯ್ಡ್ ಹಾರ್ಮೋನ್ ಕೂಡ ಈ ರಿಸೆಪ್ಟರನ್ನು ಒಳಗೆ ಕಳುಹಿಸಬಲ್ಲದು.

ಇದ್ದಿಲಿನಿಂದ ಸ್ಟೀರಾಯ್ಡ್ ತೆಗೆದ ಸೀರಮ್ಮಿನಲ್ಲಿ ಕೋಶಗಳನ್ನು ಎಷ್ಟು ಹೊತ್ತು ಇಟ್ಟರೆ ಕಂಟ್ರೋಲ್ ತಿಳಿಯಾಗುತ್ತದೆ ಎಂಬುದನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು. ಇನ್ನೊಂದು ವಿಷಯ: ಹೋಕ್ಸ್ಟ್ ಬಣ್ಣದಿಂದ ಕೇಂದ್ರದ ಗಡಿ ಗುರುತಿಸಿ, ಅದರ ಸುತ್ತ ತೆಳುವಾದ ಉಂಗುರವನ್ನು ಕೋಶದ್ರವ್ಯವೆಂದು ಪರಿಗಣಿಸಿ ಎರಡರ ಹೊಳಪಿನ ಅನುಪಾತ ತೆಗೆಯುತ್ತಿದ್ದೇನೆ. ಕೋಶಗಳು ದಟ್ಟವಾಗಿ ಬೆಳೆದ ಕಡೆ ಆ ಉಂಗುರ ಪಕ್ಕದ ಕೋಶವನ್ನೂ ಮುಟ್ಟುತ್ತದೆ, ಅನುಪಾತ ನಂಬಲಾಗದಂತಾಗುತ್ತದೆ. ಉಚಿತ ಸಾಫ್ಟ್‌ವೇರಿನಲ್ಲಿ, ಉದಾಹರಣೆಗೆ ಸೆಲ್‌ಪ್ರೊಫೈಲರಿನಲ್ಲಿ, ಇದನ್ನು ಸರಿಪಡಿಸಿದವರಿದ್ದರೆ ನಿಮ್ಮ ಸೆಟ್ಟಿಂಗ್‌ಗಳನ್ನು ಹಂಚಿಕೊಳ್ಳಿ. ಮಂಗಳೂರಿನ ಕಡೆಯವರು ಯಾರಾದರೂ ಸಮಯ ಕೊಡುವುದಾದರೆ, ಚಿತ್ರಗಳನ್ನು ತೆಗೆದುಕೊಂಡು ನಾನೇ ಬಂದು ಭೇಟಿಯಾಗುತ್ತೇನೆ.